ಹಸು, ಕಾರು, ಹಿಮ: ಲೋಗನ್ ಊರಿನ ಜನವರಿ ಗಾಳಿ

2004ರ ಜನವರಿ 15. ಅಮೆರಿಕದ ಯೂಟಾ ರಾಜ್ಯದ ಉತ್ತರ ತುದಿಯಲ್ಲಿರುವ ಲೋಗನ್ ಎಂಬ ಊರಿನಲ್ಲಿ ಆ ದಿನದ ಗಾಳಿಯ ಲೆಕ್ಕ ಹೀಗಿತ್ತು: ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 132 ಮೈಕ್ರೋಗ್ರಾಂ ಪಿಎಂ 2.5, ಅಂದರೆ ಎರಡೂವರೆ ಮೈಕ್ರಾನಿಗಿಂತ ದೊಡ್ಡದಲ್ಲದ ತೇಲುವ ಕಣಗಳು. ಒಂದು ಗಳಿಗೆಯ ಏರಿಕೆ ಅಲ್ಲ, ಇಡೀ 24 ಗಂಟೆಯ ಸರಾಸರಿ. ಆಗ ಅಮೆರಿಕದ ಕಾನೂನು ಒಪ್ಪುತ್ತಿದ್ದ ಮಿತಿ 65. ಆ ದಿನ ಇಡೀ ದೇಶದಲ್ಲಿ ಅತಿ ಕೆಟ್ಟ ಗಾಳಿ ಸಿಕ್ಕಿದ್ದು ಈ ಊರಿನವರಿಗೆ.

ಲೋಗನ್ ಹೆಸರು ಕೇಳದವರೇ ಜಾಸ್ತಿ. 2000ರ ಜನಗಣತಿಯಲ್ಲಿ ಇಲ್ಲಿದ್ದದ್ದು ನಲವತ್ತೆರಡು ಸಾವಿರ ಚಿಲ್ಲರೆ ಜನ. ಸಮುದ್ರಮಟ್ಟದಿಂದ ಸುಮಾರು 1,380 ಮೀಟರ್ ಎತ್ತರ. ಸುತ್ತ ಗೋಧಿ, ಬಾರ್ಲಿ, ಕುದುರೆ ಮೆಂತೆಯ ಹೊಲಗಳು. ಹಾಲಿನ ಹಸುಗಳ ದೊಡ್ಡ ದೊಡ್ಡ ಕೊಟ್ಟಿಗೆಗಳು, ಚೀಸ್ ಮಾಡುವ ಘಟಕಗಳು. ಬೆಟ್ಟದ ಬುಡದಲ್ಲಿ 1888ರಲ್ಲಿ ಶುರುವಾದ ಒಂದು ವಿಶ್ವವಿದ್ಯಾಲಯ. ಉಕ್ಕಿನ ಕಾರ್ಖಾನೆ ಇಲ್ಲ, ಎಣ್ಣೆ ಶುದ್ಧೀಕರಣ ಘಟಕ ಇಲ್ಲ. ಪಟದಲ್ಲಿ ನೋಡಿದರೆ ಕ್ಯಾಲೆಂಡರಿಗೆ ಹಾಕಬಹುದಾದಂಥ ಊರು.

ಹಾಗಾದರೆ ಅಷ್ಟು ಹೊಲಸು ಎಲ್ಲಿಂದ ಬಂತು? ಈ ಪ್ರಶ್ನೆಗೆ ಉತ್ತರ ಹುಡುಕಲು, ಹುಡುಕಿದ್ದನ್ನು ಜನ ಒಪ್ಪಲು, ಒಪ್ಪಿದ್ದನ್ನು ಜಾರಿಗೆ ತರಲು ಹತ್ತು ಹದಿನೈದು ವರ್ಷ ಹಿಡಿಯಿತು. ನಡುವೆ ಹಸುವನ್ನೂ ಕಟಕಟೆಗೆ ತಂದು ನಿಲ್ಲಿಸಿದರು.

ಬಾಣಲೆಯಂಥ ಕಣಿವೆ

ಮೊದಲು ನೆಲ ನೋಡೋಣ. ಲೋಗನ್ ಇರುವುದು ಕ್ಯಾಶ್ ಕಣಿವೆಯಲ್ಲಿ. 1820ರ ದಶಕದಲ್ಲಿ ತುಪ್ಪಳಕ್ಕಾಗಿ ಬೇಟೆಯಾಡುತ್ತಿದ್ದವರು ಚರ್ಮಗಳನ್ನು ಇಲ್ಲಿ ನೆಲದಲ್ಲಿ ಹೂತು ಬಚ್ಚಿಡುತ್ತಿದ್ದರಂತೆ. ಅವರ ಭಾಷೆಯಲ್ಲಿ ‘ಕ್ಯಾಶ್’ ಅಂದರೆ ಬಚ್ಚಿಟ್ಟ ಗಂಟು. ದುಡ್ಡಿಗೂ ಅದಕ್ಕೂ ಸಂಬಂಧ ಇಲ್ಲ. ಒಳಗೆ ಇಟ್ಟದ್ದು ಸುಲಭಕ್ಕೆ ಹೊರಗೆ ಹೋಗದ ಜಾಗ ಇದು, ಗಾಳಿಯ ವಿಷಯದಲ್ಲೂ.

ಪೂರ್ವಕ್ಕೆ ಬೇರ್ ರಿವರ್ ಬೆಟ್ಟಸಾಲು. ಅದರ ನೆತ್ತಿ ಮೂರು ಸಾವಿರ ಮೀಟರ್ ಮುಟ್ಟುತ್ತದೆ. ಪಶ್ಚಿಮಕ್ಕೆ ವೆಲ್ಸ್‌ವಿಲ್ ಬೆಟ್ಟಗಳು. ಅಗಲ ಕಡಿಮೆ, ಆದರೆ ಗೋಡೆಯ ಹಾಗೆ ಕಡಿದು ನಿಂತಿವೆ. ನಡುವಿನ ನೆಲ ಮಾತ್ರ ಮಟ್ಟಸ. ಕಾರಣ, ಹಿಮಯುಗದಲ್ಲಿ ಇದು ಬಾನವಿಲ್ ಎಂಬ ಮಹಾ ಸರೋವರದ ಒಂದು ತೋಳಾಗಿತ್ತು. ಕಣಿವೆಯ ಉತ್ತರದ ತುದಿಯಲ್ಲಿರುವ ರೆಡ್ ರಾಕ್ ಕಣಿವೆದಾರಿಯನ್ನು ಒಡೆದುಕೊಂಡು ಆ ನೀರಿನ ದೊಡ್ಡ ಪಾಲು ನುಗ್ಗಿ ಹೋಯಿತು, ಮಿಕ್ಕಿದ್ದು ಆಮೇಲೆ ಬತ್ತಿತು. ಉಳಿದದ್ದು ಕೆರೆಯ ತಳದ ಮೆತ್ತನೆ ಮಣ್ಣು. ಬೆಟ್ಟದ ಬದಿಯಲ್ಲಿ ಹಳೆಯ ನೀರಿನ ಮಟ್ಟಗಳು ಇವತ್ತಿಗೂ ಮೆಟ್ಟಿಲುಗಳ ಹಾಗೆ ಕಾಣುತ್ತವೆ. ವಿಶ್ವವಿದ್ಯಾಲಯ ಕಟ್ಟಿದ್ದು ಅಂಥದ್ದೇ ಒಂದು ಮೆಟ್ಟಿಲ ಮೇಲೆ.

1850ರ ದಶಕದಲ್ಲಿ ಮಾರ್ಮನ್ ಪಂಥದ ಒಕ್ಕಲುಗಳು ಇಲ್ಲಿ ಬಂದು ನೆಲೆಸಿದ್ದೂ ಈ ಮಣ್ಣಿಗಾಗಿ, ಬೆಟ್ಟದಿಂದ ಇಳಿಯುವ ಹೊಳೆಗಳಿಗಾಗಿ. ನೀರು ಇಳಿದು ಬಂದು ಸೇರುವ ತಗ್ಗು ಬೇಸಾಯಕ್ಕೆ ಚೆನ್ನ. ಆದರೆ ತಣ್ಣನೆ ಗಾಳಿಯೂ ನೀರಿನ ಹಾಗೇ ಇಳಿಯುತ್ತದೆ, ಅಲ್ವಾ? ಅದೂ ಅದೇ ತಗ್ಗಿಗೆ ಬಂದು ನಿಲ್ಲುತ್ತದೆ.

ನೀರಿಗಾದರೂ ಹೊರಗೆ ಹೋಗಲು ಒಂದು ಕಿಂಡಿ ಇದೆ. ಪಶ್ಚಿಮದ ಬೆಟ್ಟಗಳ ನಡುವಿನ ಸಂದಿನಲ್ಲಿ ಬೇರ್ ನದಿ ನುಸುಳಿ ಗ್ರೇಟ್ ಸಾಲ್ಟ್ ಲೇಕ್ ಕಡೆ ಹರಿಯುತ್ತದೆ. ಇಡೀ ಕಣಿವೆಯ ಗಾಳಿ ಆಚೆ ಹೋಗಲು ಆ ಸಂದು ಎಲ್ಲಿ ಸಾಕಾಗುತ್ತದೆ!

ಜನವರಿಯ ಮುಚ್ಚಳ

ಸಾಮಾನ್ಯವಾಗಿ ಮೇಲೆ ಹೋದಂತೆ ಗಾಳಿ ತಣ್ಣಗಾಗುತ್ತದೆ. ಸರಾಸರಿ ಲೆಕ್ಕದಲ್ಲಿ ಕಿಲೋಮೀಟರಿಗೆ ಆರೂವರೆ ಡಿಗ್ರಿ. ಬಿಸಿಲಿಗೆ ಕಾದ ನೆಲ ತನ್ನ ಮೇಲಿನ ಗಾಳಿಯನ್ನು ಬಿಸಿಮಾಡುತ್ತದೆ, ಅದು ಹಗುರಾಗಿ ಏರುತ್ತದೆ, ಜೊತೆಗೆ ಹೊಗೆ ಧೂಳನ್ನೂ ಕೊಂಡೊಯ್ಯುತ್ತದೆ. ಬೇಸಿಗೆಯ ಮಧ್ಯಾಹ್ನ ಈ ಕಲೆಸಾಟ ಕ್ಯಾಶ್ ಕಣಿವೆಯ ಮೇಲೆ ಎರಡು ಮೂರು ಕಿಲೋಮೀಟರ್ ಎತ್ತರದವರೆಗೂ ನಡೆಯುತ್ತದೆ.

ಜನವರಿಯಲ್ಲಿ ಇದು ತಲೆಕೆಳಗು. ಒಂದು ಹಿಮಗಾಳಿ ಬಂದು ಹೋಗಿರುತ್ತದೆ. ನೆಲದ ಮೇಲೆ ಬೆಳ್ಳನೆ ಹಿಮ. ಅದರ ಹಿಂದೆಯೇ ಹೆಚ್ಚು ಒತ್ತಡದ ಶಾಂತ ಹವೆ ಬಂದು ಕೂರುತ್ತದೆ. ಆಕಾಶ ತಿಳಿ, ಗಾಳಿ ಸುಳಿಯುವುದಿಲ್ಲ. ರಾತ್ರಿ ಹದಿನಾಲ್ಕು ಗಂಟೆಗೂ ಜಾಸ್ತಿ ಉದ್ದ. ಅಷ್ಟೂ ಹೊತ್ತು ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಕಳೆದುಕೊಳ್ಳುತ್ತದೆ. ಬೆಟ್ಟದ ಇಳಿಜಾರಿನ ತಣ್ಣನೆ ಗಾಳಿ ಜಾರಿ ಬಂದು ಕೆಳಗೆ ತುಂಬುತ್ತದೆ. ಮೇಲೆ ಒತ್ತಡದಿಂದ ಕೆಳಗಿಳಿಯುವ ಗಾಳಿ ಒತ್ತಿಕೊಂಡು ಬಿಸಿಯಾಗಿರುತ್ತದೆ. ಕೆಳಗೆ ತಣ್ಣಗೆ, ಮೇಲೆ ಬೆಚ್ಚಗೆ. ಅಲ್ಲಿಗೆ ಬಾಣಲೆಗೆ ಮುಚ್ಚಳ ಬಿತ್ತು. ಅಲ್ಲಿಯವರು ಇದನ್ನು ‘ಇನ್ವರ್ಷನ್’ ಅನ್ನುತ್ತಾರೆ. ಇವತ್ತು ಮಳೆ ಬಂತು ಅನ್ನುವಷ್ಟೇ ಸಲೀಸಾಗಿ, ಇವತ್ತು ಇನ್ವರ್ಷನ್ ಅನ್ನುತ್ತಾರೆ.

ಹಗಲು ಬಿಸಿಲು ಬಂದರೆ ಬಿಟ್ಟುಹೋಗಬೇಕಲ್ಲ? ಹೋಗುವುದಿಲ್ಲ. ಲೋಗನ್ ಇರುವ ಅಕ್ಷಾಂಶದಲ್ಲಿ ಜನವರಿ ನಡುವಿನ ನಡುಮಧ್ಯಾಹ್ನಕ್ಕೂ ಸೂರ್ಯ ದಿಗಂತದಿಂದ ಸುಮಾರು 27 ಡಿಗ್ರಿಯಷ್ಟೇ ಮೇಲೆ. ಆ ಓರೆ ಬಿಸಿಲಿನ ಬಹುಪಾಲನ್ನು ಹೊಸ ಹಿಮ ಕನ್ನಡಿಯ ಹಾಗೆ ವಾಪಸು ಎಸೆಯುತ್ತದೆ. ನೆಲ ಕಾಯುವುದೇ ಇಲ್ಲ. ಮೂರು ನಾಲ್ಕು ದಿನ ಕಳೆಯುವಷ್ಟರಲ್ಲಿ ಕೆಳಗಿನ ತೇವ ಮಂಜಾಗಿ ಹೆಪ್ಪುಗಟ್ಟುತ್ತದೆ. ಆಮೇಲೆ ಬಿಸಿಲಿಗೆ ನೆಲದ ಮುಖವೇ ಕಾಣುವುದಿಲ್ಲ. ಮುಚ್ಚಳ ತನ್ನನ್ನು ತಾನೇ ಬಿಗಿಮಾಡಿಕೊಳ್ಳುತ್ತಾ ಹೋಗುತ್ತದೆ.

ತಣ್ಣನೆ ಗಾಳಿ ತಗ್ಗಿನಲ್ಲಿ ಹೇಗೆ ಮಡುಗಟ್ಟುತ್ತದೆ ಎನ್ನುವುದಕ್ಕೆ ಅಲ್ಲೇ ಹತ್ತಿರದಲ್ಲಿ ಒಂದು ಅತಿರೇಕದ ಉದಾಹರಣೆ ಇದೆ. ಲೋಗನ್‌ನ ಪೂರ್ವದ ಬೆಟ್ಟಗಳ ಮೇಲೆ ಪೀಟರ್ ಸಿಂಕ್ಸ್ ಎಂಬ ಒಂದು ಕುಳಿ. ಅದರಿಂದ ಗಾಳಿಗೆ ಹೊರದಾರಿಯೇ ಇಲ್ಲ. 1985ರ ಫೆಬ್ರವರಿ 1ರಂದು ಅಲ್ಲಿ ಉಷ್ಣಾಂಶ ಸೊನ್ನೆಗಿಂತ 56.3 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯಿತು. ಅಲಾಸ್ಕ ಬಿಟ್ಟರೆ ಅಮೆರಿಕದಲ್ಲಿ ಅದಕ್ಕಿಂತ ಕಡಿಮೆ ದಾಖಲಾಗಿದ್ದು ಮೊಂಟಾನಾದಲ್ಲಿ ಒಂದೇ ಒಂದು ಸಲ. ಆ ಕುಳಿಯ ಅಂಚಿನಲ್ಲಿ ಗಿಡಮರ ಇವೆ, ತಳದಲ್ಲಿ ಮರವೇ ಬೆಳೆಯುವುದಿಲ್ಲ. ಕ್ಯಾಶ್ ಕಣಿವೆ ಇದರ ದೊಡ್ಡ, ಸೌಮ್ಯ ರೂಪ ಅಷ್ಟೆ.

ಈಗ ಒಂದು ಸಣ್ಣ ಲೆಕ್ಕ. ಬೇಸಿಗೆಯಲ್ಲಿ ಊರಿನ ಹೊಗೆ ಎರಡು ಸಾವಿರ ಮೀಟರ್ ಎತ್ತರದ ಗಾಳಿಯಲ್ಲಿ ಕಲೆಸಿಹೋಗುತ್ತದೆ ಅಂದುಕೊಳ್ಳಿ. ಇನ್ವರ್ಷನ್ ದಿನ ಅದೇ ಹೊಗೆಗೆ ಸಿಗುವುದು ಇನ್ನೂರು ಮೀಟರ್. ಹೊಗೆ ಒಂದು ಚೂರೂ ಜಾಸ್ತಿಯಾಗಿಲ್ಲ, ಸಾಂದ್ರತೆ ಮಾತ್ರ ಹತ್ತು ಪಟ್ಟು. ಬೇಸಿಗೆಯಲ್ಲಿ ದಿನದ ಹೊಗೆ ದಿನಕ್ಕೆ ಚುಕ್ತಾ ಆಗುತ್ತದೆ. ಜನವರಿಯಲ್ಲಿ ನಿನ್ನೆಯದರ ಮೇಲೆ ಇವತ್ತಿನದು, ಇವತ್ತಿನದರ ಮೇಲೆ ನಾಳೆಯದು, ಬಡ್ಡಿಗೆ ಬಡ್ಡಿ ಸೇರಿದ ಹಾಗೆ. 2004ರ ಜನವರಿಯಲ್ಲಿ ಆ ಹವೆ ವಾರಗಟ್ಟಲೆ ಬಿಡಲಿಲ್ಲ. ಎಷ್ಟೋ ದಿನ 65ರ ಮಿತಿ ದಾಟಿತ್ತು.

ಅಂಥ ದಿನ ಲೋಗನ್ ಕಮರಿಯ ಹೆದ್ದಾರಿ 89ರಲ್ಲಿ ಮೇಲಕ್ಕೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಊರಿನಲ್ಲಿ ಬೂದು ಬಣ್ಣ, ಬೀದಿದೀಪ ಹಗಲೇ ಮಂಕಾಗಿ ಉರಿಯುತ್ತಿರುತ್ತದೆ. ಮುಚ್ಚಳದ ಎತ್ತರ ದಾಟಿದ ಮೇಲೆ ಒಂದು ತಿರುವಿನಲ್ಲಿ ತಟ್ಟನೆ ನೀಲಿ ಆಕಾಶ. ಬಿಸಿಲಿಗೆ ಕಣ್ಣು ಕಿರಿದು ಮಾಡಬೇಕು. ಸಾವಿರ ಮೀಟರ್ ಮೇಲೆ ಬಂದಿದ್ದರೂ ಜಾಕೆಟ್ಟಿನ ಜಿಪ್ ಬಿಚ್ಚಬೇಕು ಅನ್ನಿಸುತ್ತದೆ. ಹಿಂದೆ ತಿರುಗಿದರೆ ಕಣಿವೆಯ ತುಂಬ ಹಾಲು ಸುರಿದಂತೆ ಮಂಜು. ಮೇಲಿನ ಬೀವರ್ ಮೌಂಟನ್ ಸ್ಕೀ ಜಾಗಕ್ಕೆ ಜನ ಸ್ಕೀ ಆಡಲು ಮಾತ್ರ ಹೋಗುವುದಿಲ್ಲ, ಬಿಸಿಲು ನೋಡಿ ಬರಲಿಕ್ಕೂ ಹೋಗುತ್ತಾರೆ. ಹೋಗುವುದು ಕಾರಿನಲ್ಲೇ ಅನ್ನುವುದು ಬೇರೆ ಮಾತು.

ಗಂಜಲ ಮತ್ತು ಸೈಲೆನ್ಸರ್

ಮುಚ್ಚಳದ ಕತೆ ಆಯಿತು. ಒಳಗೆ ಬೇಯುತ್ತಿದ್ದದ್ದು ಏನು?

ಮೊದಲ ಅನುಮಾನ ಸಹಜವಾಗಿ ಸೌದೆ ಒಲೆಗಳ ಮೇಲೆ. ಆಮೇಲೆ ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಮರಳು, ಉಪ್ಪಿನ ಮೇಲೆ. ಫಿಲ್ಟರ್ ಹಾಳೆಯಲ್ಲಿ ಹಿಡಿದ ಕಣಗಳನ್ನು ಪರೀಕ್ಷೆ ಮಾಡಿ ನೋಡಿದರೆ ಇವೆರಡರ ಪಾಲೂ ಇತ್ತು, ಆದರೆ ಚಿಕ್ಕದು. ಕೆಟ್ಟ ದಿನಗಳಲ್ಲಿ ಪಿಎಂ 2.5ರ ಬಹುದೊಡ್ಡ ಪಾಲು, ಹೆಚ್ಚುಕಡಿಮೆ ಮುಕ್ಕಾಲು, ಒಂದೇ ವಸ್ತು: ಅಮೋನಿಯಂ ನೈಟ್ರೇಟ್. ಗೊಬ್ಬರದ ಚೀಲದಲ್ಲಿ ಬರುವ ಅದೇ ಉಪ್ಪು. ರೈತರ ಕಣಿವೆಯ ಆಕಾಶದಲ್ಲಿ ಗೊಬ್ಬರ ತಾನೇ ತಯಾರಾಗುತ್ತಿತ್ತು. ಎದೆಯೊಳಗೆ ಹೋದಾಗ ಮಾತ್ರ ಅದು ಗೊಬ್ಬರ ಅಲ್ಲ. ತಲೆಕೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಭಾಗಕ್ಕೂ ಚಿಕ್ಕದಾದ ಕಣ ಶ್ವಾಸಕೋಶದ ತಳದವರೆಗೆ ಇಳಿಯುತ್ತದೆ. ಅಸ್ತಮಾ ಇರುವವರಿಗೆ, ಹೃದಯದ ತೊಂದರೆ ಇರುವವರಿಗೆ ಕಾಟ ಕೊಡುತ್ತದೆ.

ಈ ಉಪ್ಪನ್ನು ಯಾರ ಚಿಮಣಿಯೂ ನೇರವಾಗಿ ಉಗುಳುವುದಿಲ್ಲ. ಎರಡು ಅನಿಲಗಳು ಗಾಳಿಯಲ್ಲಿ ಕೂಡಿ ಹುಟ್ಟುವ ಕೂಸು ಇದು. ಒಂದು ಅಮೋನಿಯಾ, ಇನ್ನೊಂದು ನೈಟ್ರಿಕ್ ಆಮ್ಲ.

ಅಮೋನಿಯಾ ಬರುವುದು ಮುಖ್ಯವಾಗಿ ಕೊಟ್ಟಿಗೆಯಿಂದ. ಹಸುವಿನ ಗಂಜಲದಲ್ಲಿ ಯೂರಿಯಾ ಇದೆ, ಸಗಣಿಯಲ್ಲಿ ಯೂರಿಯೇಸ್ ಎಂಬ ಕಿಣ್ವ ಇದೆ. ಬೇರೆ ಬೇರೆ ಇದ್ದಾಗ ಎರಡೂ ಸುಮ್ನೆ ಇರುತ್ತವೆ. ಗೊರಸಿಗೆ ಸಿಕ್ಕಿ ಎರಡೂ ಕಲೆಸಿದ ಕೂಡಲೇ ಕಿಣ್ವ ಯೂರಿಯಾವನ್ನು ಒಡೆದು ಅಮೋನಿಯಾ ಬಿಡಿಸುತ್ತದೆ. ಮುಚ್ಚಿದ ಕೊಟ್ಟಿಗೆಯ ಬಾಗಿಲು ತೆಗೆದಾಗ ಕಣ್ಣಲ್ಲಿ ನೀರು ಬರಿಸುವ ಆ ಘಾಟು ಇದೇ. ಗೊಬ್ಬರದ ಹೊಂಡ, ದನ ನಿಲ್ಲುವ ಅಂಗಳ, ಹೊಲಕ್ಕೆ ಚೆಲ್ಲಿದ ಸಗಣಿ, ಎಲ್ಲ ಕಡೆಯಿಂದಲೂ ಅದು ಏಳುತ್ತದೆ.

ನೈಟ್ರಿಕ್ ಆಮ್ಲದ ಮೂಲ ವಾಹನ. ಇಂಜಿನ್ನಿನ ಬಿಸಿಗೆ ಗಾಳಿಯ ಸಾರಜನಕ ಉರಿದು ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಚಳಿಗಾಲದ ಬೆಳಿಗ್ಗೆ ನೆನೆಸಿಕೊಳ್ಳಿ. ಗಾಜಿನ ಮೇಲೆ ಗಟ್ಟಿ ಹಿಮ. ಒಬ್ಬರು ಕಾರು ಚಾಲೂ ಮಾಡಿಟ್ಟು, ಪ್ಲಾಸ್ಟಿಕ್ ಹಿಡಿಯಿಂದ ಕೆರೆಯುತ್ತಿದ್ದಾರೆ. ಹಿಂದೆ ಸೈಲೆನ್ಸರಿನ ಬಿಳಿ ಹೊಗೆ ಮೇಲಕ್ಕೆ ಹೋಗದೆ ನೆಲದ ಮೇಲೇ ಹರಡುತ್ತಿದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಾದರೆ ಮಾತ್ರ ಕೆಲಸ ಮಾಡುತ್ತದೆ. ತಣ್ಣಗಿರುವ ಆ ಮೊದಲ ಕೆಲವು ನಿಮಿಷ ಹೊಲಸೆಲ್ಲ ಹಾಗೇ ಹೊರಗೆ. ಇನ್ನೊಂದು ಸ್ವಾರಸ್ಯ: ಕಾದ ಮೇಲೆ ಅದೇ ಕನ್ವರ್ಟರ್ ಸ್ವಲ್ಪ ಅಮೋನಿಯಾವನ್ನೂ ಹುಟ್ಟಿಸುತ್ತದೆ. ಅಮೋನಿಯಾದ ಇಡೀ ಪಾಪವನ್ನು ಹಸುವಿನ ತಲೆಗೆ ಕಟ್ಟುವ ಹಾಗಿಲ್ಲ.

ಹಗಲಿನಲ್ಲಿ ಈ ಆಕ್ಸೈಡನ್ನು ಬಿಸಿಲಿನ ರಸಾಯನ ನೈಟ್ರಿಕ್ ಆಮ್ಲವಾಗಿ ಬದಲಿಸುತ್ತದೆ. ರಾತ್ರಿ ಅದು ಓಜೋನ್ ಜೊತೆ ಸೇರಿ, ಇನ್ನೊಂದೆರಡು ವೇಷ ಹಾಕಿ, ತೇವವಾದ ಕಣದ ಮೇಲೆ ಕೂತು ಆಮ್ಲವಾಗುತ್ತದೆ. ಅಂದರೆ ಊರು ಮಲಗಿದ ಮೇಲೂ ಈ ಅಡುಗೆ ನಿಲ್ಲುವುದಿಲ್ಲ.

ಋತುವಿನ ಇನ್ನೊಂದು ಆಟ ಇಲ್ಲಿದೆ, ನನಗೆ ಇಡೀ ಪ್ರಕರಣದಲ್ಲಿ ಅತಿ ಕುತೂಹಲ ಹುಟ್ಟಿಸಿದ್ದು ಇದೇ. ಕೊಟ್ಟಿಗೆಯಿಂದ ಅಮೋನಿಯಾ ಜಾಸ್ತಿ ಏಳುವುದು ಬೇಸಿಗೆಯಲ್ಲಿ. ಬಿಸಿಗೆ ಎಲ್ಲ ಬೇಗ ಕೊಳೆಯುತ್ತದೆ, ಬೇಗ ಆವಿಯಾಗುತ್ತದೆ. ಆದರೆ ಬೇಸಿಗೆಯಲ್ಲಿ ಈ ಕಣಗಳ ತೊಂದರೆಯೇ ಇಲ್ಲ. ಯಾಕೆಂದರೆ ಅಮೋನಿಯಂ ನೈಟ್ರೇಟ್ ಬಿಸಿ ತಾಳುವುದಿಲ್ಲ. ಸೆಖೆಗೆ ಮತ್ತೆ ಎರಡು ಅನಿಲಗಳಾಗಿ ಬಿಡಿಬಿಡಿಯಾಗುತ್ತದೆ. ಚಳಿ, ತೇವ ಇದ್ದರೆ ಮಾತ್ರ ಜೋಡಿ ಗಟ್ಟಿಯಾಗಿ ಉಳಿಯುತ್ತದೆ. ಹೊಲಸು ಏಳುವ ಕಾಲ ಒಂದು, ಅದು ಕಣವಾಗಿ ಕಾಡುವ ಕಾಲ ಇನ್ನೊಂದು.

ಉಳಿದ ಮೂರು ಕಾಲ

ಉಳಿದ ಕಾಲಗಳ ಬಗ್ಗೆ ಹೇಳುವುದು ಅಷ್ಟಿಲ್ಲ. ವಸಂತದಲ್ಲಿ ಗಾಳಿ ಜೋರು. ಉತ್ತ ಹೊಲದ ಧೂಳು ಏಳುತ್ತದೆ, ದೊಡ್ಡ ಕಣಗಳು, ಬೇಗ ಕೂರುತ್ತವೆ. ಬೇಸಿಗೆಯಲ್ಲಿ ಮೇವು ಕಟಾವಿನ ಧೂಳು, ಸ್ವಲ್ಪ ಓಜೋನ್. ಈಚೆಗೆ ಜುಲೈ, ಆಗಸ್ಟ್, ಸೆಪ್ಟೆಂಬರಿನಲ್ಲಿ ಪಶ್ಚಿಮದ ರಾಜ್ಯಗಳ ಕಾಳ್ಗಿಚ್ಚಿನ ಹೊಗೆ ನೂರಾರು ಕಿಲೋಮೀಟರ್ ದಾಟಿ ಬಂದು ಕಣಿವೆ ತುಂಬುತ್ತದೆ. ಅದಕ್ಕೆ ಸ್ಥಳೀಯರು ಮಾಡಬಹುದಾದದ್ದು ಕಿಟಕಿ ಮುಚ್ಚುವುದು ಮಾತ್ರ.

ಒಂದು ಅಂಕಿಯನ್ನು ಮಾತ್ರ ಹೇಳಲೇಬೇಕು. ಯೂಟಾದಲ್ಲಿ ಬಯಲಲ್ಲಿ ಕಸಕಡ್ಡಿ ಸುಡುವ ಮುಂಚೆ ಜನ ‘ಕ್ಲಿಯರಿಂಗ್ ಇಂಡೆಕ್ಸ್’ ನೋಡುತ್ತಾರೆ. ಹವಾಮಾನ ಇಲಾಖೆ ದಿನಾ ಕೊಡುವ ಸಂಖ್ಯೆ ಇದು. ಹೊಗೆ ಎಷ್ಟು ಎತ್ತರದವರೆಗೆ ಕಲೆಸಬಹುದು ಎನ್ನುವುದನ್ನು ನೂರು ಅಡಿಗಳ ಲೆಕ್ಕದಲ್ಲಿ ತೆಗೆದುಕೊಂಡು, ಅದನ್ನು ಗಾಳಿಯ ವೇಗದಿಂದ, ನಾಟ್ ಲೆಕ್ಕದಲ್ಲಿ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್), ಗುಣಿಸುತ್ತಾರೆ. ಎಂಟು ಸಾವಿರ ಅಡಿ ಎತ್ತರ, ಹತ್ತು ನಾಟ್ ಗಾಳಿ ಇದ್ದರೆ 80ನ್ನು 10ರಿಂದ ಗುಣಿಸಿ 800. ಸಂಖ್ಯೆ 500 ಅಥವಾ ಮೇಲಿದ್ದರೆ ಸುಡಬಹುದು. ಇನ್ವರ್ಷನ್ ದಿನ ಆರುನೂರು ಅಡಿ, ಮೂರು ನಾಟ್ ಗಾಳಿ ಅಂದುಕೊಳ್ಳಿ. 6ನ್ನು 3ರಿಂದ ಗುಣಿಸಿದರೆ 18. ಬೆಟ್ಟ, ಋತು, ಗಾಳಿ ಮೂರನ್ನೂ ಒಂದೇ ಸಂಖ್ಯೆಯಲ್ಲಿ ಹಿಡಿದ ಈ ಲೆಕ್ಕ ನನಗೆ ಬಹಳ ಇಷ್ಟ. ಯಾವ ರೈತನಿಗೂ ಪಾಠ ಹೇಳಬೇಕಿಲ್ಲ, 800 ಎಲ್ಲಿ, 18 ಎಲ್ಲಿ.

ಯಾರನ್ನು ಹಿಡಿಯುವುದು

2006ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ದಿನದ ಮಿತಿಯನ್ನು 65ರಿಂದ 35ಕ್ಕೆ ಇಳಿಸಿತು. 2009ರಲ್ಲಿ ಲೋಗನ್ ಪ್ರದೇಶವನ್ನು ‘ಮಿತಿಯೊಳಗೆ ಬಾರದ ಪ್ರದೇಶ’ ಎಂದು ಘೋಷಿಸಿತು. ಒಂದು ತೊಡಕೂ ಇತ್ತು. ಕಣಿವೆಯ ಉತ್ತರದ ಭಾಗ ಐಡಹೋ ರಾಜ್ಯಕ್ಕೆ ಸೇರಿದ್ದು. ಅಲ್ಲಿನ ಫ್ರಾಂಕ್ಲಿನ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ತುಂಡನ್ನೂ ಸೇರಿಸಿಯೇ ಗೆರೆ ಎಳೆದರು. ಗಾಳಿ ಒಂದು, ಮುಚ್ಚಳ ಒಂದು, ರಾಜ್ಯ ಎರಡು, ಇಲಾಖೆ ಎರಡು, ಯೋಜನೆಯೂ ಎರಡು.

ಆಮೇಲೆ ಶುರುವಾಯಿತು ನಿಜವಾದ ಜಗ್ಗಾಟ. ವಾಹನಗಳಿಗೆ ಹೊಗೆ ಪರೀಕ್ಷೆ ತರಬೇಕು ಎಂಬ ಮಾತು ಎದ್ದಿತ್ತು. ಬೇಡ ಅನ್ನುವವರ ವಾದ ಸರಳವಾಗಿತ್ತು: ಅಮೋನಿಯಾ ಇಲ್ಲದಿದ್ದರೆ ಕಣವೇ ಇಲ್ಲ, ಅಮೋನಿಯಾ ಹಸುವಿನದು, ಕಾರನ್ನು ಯಾಕೆ ಹಿಡಿಯುತ್ತೀರಿ? ಕೇಳಲು ಸರಿ ಅನ್ನಿಸುತ್ತದೆ. ಆದರೆ ತಪ್ಪು. ಎಲ್ಲಿ ತಪ್ಪು ಅನ್ನುವುದೇ ಈ ಪ್ರಕರಣದ ಗಂಟು.

ಬೋಲ್ಟು ನಟ್ಟಿನ ಲೆಕ್ಕ ಹಾಕಿ. ನೂರು ಬೋಲ್ಟು ಇವೆ, ನಲವತ್ತು ನಟ್ಟು ಇವೆ. ಆಗುವ ಜೋಡಿ ನಲವತ್ತೇ. ಮೂವತ್ತು ಬೋಲ್ಟು ಕಡಿಮೆ ಮಾಡಿದಿರಿ ಅನ್ನಿ. ಉಳಿದದ್ದು ಎಪ್ಪತ್ತು, ಜೋಡಿ ಮಾತ್ರ ಇನ್ನೂ ನಲವತ್ತು. ಅಷ್ಟು ಖರ್ಚು ಮಾಡಿ, ಅಷ್ಟು ರೈತರ ಕೋಪ ಕಟ್ಟಿಕೊಂಡು, ಗಾಳಿಯಲ್ಲಿ ಒಂದು ಕಣವೂ ಕಡಿಮೆ ಆಗುವುದಿಲ್ಲ. ಅದೇ ಹತ್ತು ನಟ್ಟು ತೆಗೆದರೆ ಹತ್ತು ಜೋಡಿ ಹೋಗುತ್ತದೆ. ಕ್ಯಾಶ್ ಕಣಿವೆಯಲ್ಲಿ ಅಮೋನಿಯಾ ಬೋಲ್ಟು. ರಾಶಿ ಬಿದ್ದಿದೆ. ನೈಟ್ರಿಕ್ ಆಮ್ಲ ನಟ್ಟು. ಹಸು ಪಾಲುದಾರ ಹೌದು, ಆದರೆ ಹಿಡಿತ ಸಿಗುವುದು ಕಾರಿನ ಕಡೆ.

ಹೊಗೆಯನ್ನು ಕಡಿಮೆ ಮಾಡಿದಷ್ಟೇ ನೇರವಾಗಿ ಕಣವೂ ಇಳಿಯುತ್ತದೆ ಅಂತಲ್ಲ. ಆಮ್ಲ ಆಗುವ ದಾರಿಯಲ್ಲಿ ಓಜೋನ್, ಪೆಟ್ರೋಲ್ ಆವಿಯಂಥ ಇತರ ಅನಿಲಗಳ ಕೈವಾಡವೂ ಇದೆ. ಆದರೂ ದಿಕ್ಕು ಸ್ಪಷ್ಟವಿತ್ತು. 2017ರ ಜನವರಿ, ಫೆಬ್ರವರಿಯಲ್ಲಿ ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯ ಟ್ವಿನ್ ಆಟರ್ ವಿಮಾನ ಸಾಲ್ಟ್ ಲೇಕ್, ಯೂಟಾ, ಕ್ಯಾಶ್ ಮೂರೂ ಕಣಿವೆಗಳ ಮೇಲೆ ಹಾರಿತು. ಚಿಕ್ಕ ಎರಡು ಇಂಜಿನ್ನಿನ ವಿಮಾನ, ಒಳಗೆಲ್ಲ ಅಳತೆಯ ಉಪಕರಣ. ಮುಚ್ಚಳದ ಒಳಗೂ ಹೊರಗೂ ಹೋಗಿ ಬಂದು ಅದು ತಂದ ಅಂಕಿಗಳು ಅದನ್ನೇ ಗಟ್ಟಿ ಮಾಡಿದವು: ಕ್ಯಾಶ್ ಕಣಿವೆಯಲ್ಲಿ ಅಮೋನಿಯಾ ಬೇಕಾದದ್ದಕ್ಕಿಂತ ಎಷ್ಟೋ ಜಾಸ್ತಿ, ಕೊರತೆ ಇರುವುದು ಆಮ್ಲದ ಕಡೆ.

ಅಷ್ಟರಲ್ಲಿ ಲೋಗನ್ ಇರುವ ಕ್ಯಾಶ್ ಕೌಂಟಿ 2014ರ ಜನವರಿಯಿಂದ ವಾಹನಗಳ ಹೊಗೆ ಪರೀಕ್ಷೆ ಶುರು ಮಾಡಿತ್ತು, ಎರಡು ವರ್ಷಕ್ಕೊಮ್ಮೆ. ತುಂಬ ಜನಕ್ಕೆ ಇಷ್ಟವಿರಲಿಲ್ಲ. ಹಳೆ ಕಾರು ಇದ್ದವರಿಗೆ ಕೈಯಿಂದ ಖರ್ಚು ಬೇರೆ. ಕೆಟ್ಟ ದಿನಗಳಲ್ಲಿ ಸೌದೆ ಒಲೆಗೆ ನಿಷೇಧ ಬಂತು. ಗಡಿಯಾಚೆ ಫ್ರಾಂಕ್ಲಿನ್ ಕೌಂಟಿಯಲ್ಲೂ ಸೌದೆ ಒಲೆಯ ಮೇಲೆ ಕಡಿವಾಣ ಬಿತ್ತು. ಗಾಳಿ ಕೆಟ್ಟ ದಿನ ಶಾಲೆಗಳಲ್ಲಿ ಮಕ್ಕಳ ಆಟ ಒಳಗೇ.

ಸದ್ದಿಲ್ಲದೆ ಇನ್ನೊಂದು ಬದಲಾವಣೆಯೂ ನಡೆಯುತ್ತಿತ್ತು. ಹಳೆ ಕಾರು ಗುಜರಿಗೆ ಹೋಗಿ ಹೊಸದು ಬರುತ್ತಿತ್ತು. 2017ರಿಂದ ದೇಶದ ಪೆಟ್ರೋಲಿನಲ್ಲಿ ಗಂಧಕದ ಸರಾಸರಿ ಮಿತಿ ಹತ್ತು ಲಕ್ಷಕ್ಕೆ 30 ಪಾಲಿನಿಂದ 10ಕ್ಕೆ ಇಳಿಯಿತು. ಗಂಧಕ ಕನ್ವರ್ಟರಿಗೆ ವಿಷ. ಅದು ಕಡಿಮೆಯಾದಷ್ಟೂ ಕನ್ವರ್ಟರ್ ಚುರುಕು. ನನ್ನನ್ನು ಕೇಳಿದರೆ ಲೋಗನ್ ಗಾಳಿಗೆ ಜಾಸ್ತಿ ಉಪಕಾರ ಮಾಡಿದ್ದು ಊರಿನ ಪರೀಕ್ಷೆಗಿಂತ ಈ ಹೊಸ ಕಾರು, ಹೊಸ ಪೆಟ್ರೋಲು. ಆದರೆ ಪರೀಕ್ಷೆಯ ಜಗಳ ಆಗದಿದ್ದರೆ ಕಾರಿನ ಹೊಗೆಗೂ ಬೂದು ಆಕಾಶಕ್ಕೂ ಇರುವ ನಂಟು ಮನೆಮನೆಗೆ ಗೊತ್ತಾಗುತ್ತಿರಲಿಲ್ಲ.

ಹಿಮ ಬೀಳದ ವರ್ಷದ ಮೋಸ

ಸುಧಾರಿಸಿತೇ ಎಂದು ಅಳೆಯುವುದೂ ಸುಲಭ ಅಲ್ಲ. ಒಂದು ಚಳಿಗಾಲ ಹಿಮವೇ ಸರಿಯಾಗಿ ಬೀಳದಿದ್ದರೆ ಮುಚ್ಚಳ ಗಟ್ಟಿಯಾಗುವುದಿಲ್ಲ. ಆ ವರ್ಷ ಯಾರೂ ಏನೂ ಮಾಡದಿದ್ದರೂ ಗಾಳಿ ಚೆನ್ನಾಗಿರುತ್ತದೆ, ಎಲ್ಲರೂ ಬೆನ್ನು ತಟ್ಟಿಕೊಳ್ಳುತ್ತಾರೆ. ಮುಂದಿನ ವರ್ಷ ಹಿಮ ಬಿದ್ದಾಗ ಬಣ್ಣ ಬಯಲು. ಅದಕ್ಕೇ ಕಾನೂನು ಒಂದು ವರ್ಷವನ್ನು ನಂಬುವುದಿಲ್ಲ. ವರ್ಷದ ದಿನಗಳನ್ನೆಲ್ಲ ಕೆಟ್ಟದ್ದರಿಂದ ಒಳ್ಳೆಯದಕ್ಕೆ ಸಾಲಾಗಿ ನಿಲ್ಲಿಸುತ್ತಾರೆ. ದಿನಾ ಅಳತೆ ಮಾಡಿದ ವರ್ಷವಾದರೆ ಮೊದಲ ಏಳನ್ನು ಬಿಟ್ಟು ಎಂಟನೆಯದನ್ನು ತೆಗೆದುಕೊಳ್ಳುತ್ತಾರೆ. ಅಂಥ ಮೂರು ವರ್ಷದ ಸರಾಸರಿ 35ರ ಒಳಗೆ ಇರಬೇಕು.

ಇದರ ಒಳ್ಳೆಯದು ಕೆಟ್ಟದು ಎರಡೂ ನೋಡಿ. ಒಂದು ಹುಚ್ಚು ದಿನಕ್ಕೆ ಇಡೀ ಊರಿಗೆ ಶಿಕ್ಷೆ ಆಗುವುದಿಲ್ಲ. ಆದರೆ ಅತಿ ಕೆಟ್ಟ ಏಳು ದಿನ ಉಸಿರಾಡಿದವರ ಎದೆಗೆ ಆ ವಿನಾಯಿತಿ ಇಲ್ಲ. ಇನ್ವರ್ಷನ್ ಊರಿನಲ್ಲಿ ಆ ಏಳು ದಿನ ಒಟ್ಟಿಗೇ, ಒಂದರ ಹಿಂದೆ ಒಂದು ಬರುತ್ತವೆ.

ಈ ಲೆಕ್ಕದಲ್ಲಿ ಲೋಗನ್ ಪಾಸಾಯಿತು. 2021ರಲ್ಲಿ ಅದರ ಮೇಲಿದ್ದ ಹಣೆಪಟ್ಟಿ ತೆಗೆದರು. ಹಾಗೆಂದು ಕೈತೊಳೆದುಕೊಳ್ಳುವಂತಿಲ್ಲ. ಮುಂದಿನ ಹತ್ತು ವರ್ಷ ಮಿತಿಯೊಳಗೇ ಇರುತ್ತೇವೆ ಎಂದು ಯೋಜನೆ ಬರೆದುಕೊಡಬೇಕು, ಆಮೇಲೆ ಇನ್ನೂ ಹತ್ತು ವರ್ಷಕ್ಕೆ. ಅಳತೆಗೋಲು ಬೇರೆ ಚಿಕ್ಕದಾಗುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ದಿನದ ಮಟ್ಟ 15. ಅಮೆರಿಕವೇ 2024ರಲ್ಲಿ ವರ್ಷದ ಸರಾಸರಿ ಮಿತಿಯನ್ನು 12ರಿಂದ 9ಕ್ಕೆ ತಂದಿತು. ಊರೂ ಬೆಳೆಯುತ್ತಿದೆ: 2020ರ ಜನಗಣತಿಯಲ್ಲಿ ಲೋಗನ್ 52 ಸಾವಿರ ದಾಟಿತು. ಕೌಂಟಿ 2000ದಲ್ಲಿ 91 ಸಾವಿರ ಇದ್ದದ್ದು 1 ಲಕ್ಷ 33 ಸಾವಿರ ಆಯಿತು. ಹೊಸ ಮನೆಗಳು ಎದ್ದಿರುವುದು ಹೊಲದ ಮೇಲೆ, ಹಾಗಾಗಿ ಕೆಲಸಕ್ಕೆ, ಶಾಲೆಗೆ, ಅಂಗಡಿಗೆ ಎಲ್ಲದಕ್ಕೂ ಕಾರು ಬೇಕು.

ಇಷ್ಟೆಲ್ಲ ಆದರೂ ಪ್ರತಿ ಇನ್ವರ್ಷನ್ ಮುಗಿಯುವುದು ಹಳೆಯ ರೀತಿಯಲ್ಲೇ. ಪೆಸಿಫಿಕ್ ಕಡೆಯಿಂದ ಒಂದು ಚಂಡಮಾರುತ ಬರಬೇಕು. ಮೊದಲು ದಕ್ಷಿಣದ ಗಾಳಿ ಎದ್ದು ಕಣಿವೆಯ ಮಂಜನ್ನು ಅಂಚಿನಿಂದ ಹರಿಯುತ್ತದೆ. ವಾರದಿಂದ ಕಾಣದ ವೆಲ್ಸ್‌ವಿಲ್ ಬೆಟ್ಟಗಳು ಒಂದೆರಡು ಗಂಟೆಯಲ್ಲಿ ಮತ್ತೆ ಎದುರಿಗೆ ನಿಂತಿರುತ್ತವೆ. ರಾತ್ರಿಯಿಡೀ ಹಿಮ ಸುರಿಯುತ್ತದೆ. ಬೆಳಿಗ್ಗೆ ಎದ್ದು ಗಾಜು ಕೆರೆಯುವವರಿಗೆ ಗಾಳಿಯಲ್ಲಿ ಯಾವ ವಾಸನೆಯೂ ಇರುವುದಿಲ್ಲ. ನೆಲದ ಮೇಲೆ ಹೊಸ ಬೆಳ್ಳನೆ ಹಾಸು, ಮೇಲೆ ತಿಳಿ ಆಕಾಶ, ಒಂದು ಎಲೆಯೂ ಅಲ್ಲಾಡುತ್ತಿಲ್ಲ. ಮುಂದಿನ ಮುಚ್ಚಳಕ್ಕೆ ಬೇಕಾದದ್ದೂ ಇಷ್ಟೇ.